ಸಣ್ಣೀರ ಹಾಲಿನ ಸೋಪಿಗೆ ಅರಿಶಿನ ಹಾಕಿದ್ದು

ಕೇಳ್ರಪ್ಪೋ, ನಗೋದಿದ್ರೆ ಈಗ್ಲೇ ನಕ್ಕುಬಿಡಿ. ಆಮೇಲೆ ನಗು ಬರ್ಲಿಲ್ಲ ಅಂತ ನನ್ನ ಬೈಬ್ಯಾಡಿ.

ಪುಟ್ಟಸಿದ್ದಮ್ಮ ಅಂತ ಒಬ್ಬಳಿದ್ಲು. ಗಂಡ ಸತ್ತಿದ್ದ. ಉಳಿದಿದ್ದು ಒಂದು ಮೇಕೆ, ಒಬ್ಬ ಮಗ ಸಣ್ಣೀರ. ಮೇಕೆಗೆ ಬುದ್ಧಿ ಇತ್ತು. ಮಗನಿಗೆ ಹೇಳಿದ್ದನ್ನ ಹೇಳಿದಂಗೆ ಮಾಡೋದೊಂದೇ ಗೊತ್ತಿತ್ತು. "ಅಯ್ಯೋ ಶಿವನೇ, ಇವನ್ನ ಕಟ್ಕೊಂಡು ಹೆಂಗಪ್ಪಾ ಬಾಳ್ಲಿ?" ಅಂತ ಅವಳು ದಿನಾ ಹಣೆ ಚಚ್ಕೊಳ್ಳೋಳು.

ಮೇಕೆ ಹಾಲಲ್ಲಿ ಸೋಪು ಮಾಡೋಳು ಅವಳು. ಅಷ್ಟರಲ್ಲಿ ತಮ್ಮನ ಮಗಳಿಗೆ ಮದುವೆ ಗೊತ್ತಾಯ್ತು. ಆ ಕೂಸನ್ನ ಎತ್ತಿ ಆಡ್ಸಿದ್ದೇ ಇವಳು. ಆದ್ರೇನು, ಗಂಡ ಇಲ್ದೋಳು ಮದುಮಗಳಿಗೆ ಅರಿಶಿನ ಹಚ್ಚಂಗಿಲ್ವಲ್ಲ! "ನನ್ನ ಕೈ ಬ್ಯಾಡ. ನನ್ನ ಸೋಪಾದ್ರೂ ಕೂಸಿನ ಮೈ ಮುಟ್ಲಿ. ಹಳದಿ ಸೋಪು ಮಾಡ್ಕೊಡ್ತೀನಿ" ಅಂದ್ಲು. ತಮ್ಮನ ಹೆಂಡ್ತಿ ನಿಂಗಾಜಮ್ಮ ಮೂತಿ ತಿರುವಿದ್ಲು. "ಮಾಡಕ್ಕ. ಅರಿಶಿನ ಮಾತ್ರ ನೀನು ಮುಟ್ಬ್ಯಾಡ."

ಸರಿ, ಮುಟ್ಟೋರು ಯಾರು? ಸಣ್ಣೀರ!

"ಲೋ ಮಗ, ಸೋಪಿನೊಳಕ್ಕೆ ಚಿಟಿಕೆ ಅರಿಶಿನ ಹಾಕ್ಲಾ" ಅಂದ್ಲು. ಕಾಸ್ಟಿಕ್ ಸೋಡಾ ಆಗತಾನೆ ಹಾಲಲ್ಲಿ ಕರಗ್ತಿತ್ತು. ಹಾಕ್ದ. ಹಳದಿ ಹೋಗಿ ರಕ್ತದಂಗೆ ಕೆಂಪಾಯ್ತು!

"ಅಯ್ಯೋ ಪೆದ್ದೇ! ಸೋಡಾಕ್ಕೇ ಹಾಕ್ತಾರೇನ್ಲಾ? ಎಣ್ಣೆ ಬೆರೆಸಿ ಗಟ್ಟಿಯಾದ್ಮೇಲೆ ಹಾಕ್ಬೇಕು!"

"ಆಗ್ಲವ್ವ."

ಎರಡನೇ ಸಲ ಕಾದ. ಸೋಪು ಕಲ್ಲಿನಂಗೆ ಗಟ್ಟಿಯಾಗೋಗಂಟ ಕಾದ. ಆಮೇಲೆ ಮೇಲೆ ಅರಿಶಿನ ಸುರಿದ. ಗಾಳಿ ಬೀಸ್ತು, ಅರಿಶಿನ ಹಾರೋಯ್ತು!

"ಅಯ್ಯೋ ಪೆದ್ದೇ! ಮೇಲೆ ಸುರಿದ್ರೆ ಆಯ್ತೇನ್ಲಾ? ಒಳಗಿಂದ್ಲೇ ಬರ್ಬೇಕು! ಹಾಲಲ್ಲೇ ಬಣ್ಣ ಇರ್ಬೇಕು!"

"ಆಗ್ಲವ್ವ."

ಮೂರನೇ ಸಲ ಏನ್ಮಾಡ್ದ ಅಂತೀರಾ? ಮೇಕೆ ಬಾಯಿ ಅಗಲಿಸಿ ಬಟ್ಟಲು ಅರಿಶಿನ ತುರುಕ್ದ. ಕೆಚ್ಚಲಿಗೂ ಬಳಿದ. ಮೇಕೆ ಹಳದಿ ಆಯ್ತು, ಹಾಲು ಬಿಳೀದೇ ಬಂತು. ಹಾಲು ಕುಡಿಯೋಕೆ ಬಂದ ಅದರ ಮರಿ ಮೂಸಿ ನೋಡಿ ಓಡೋಯ್ತು!

"ಅಯ್ಯೋ ಪೆದ್ದೇ! ನಿನ್ನ ಬುದ್ಧೀಗೆ ಬೆಂಕಿ ಬೀಳ! ನನ್ನ ಮುಂದೆ ನಿಂತ್ಕೊ, ನಾನು ಹಾಕು ಅಂದಾಗ ಹಾಕು, ಸಾಕು ಅಂದಾಗ ಬಿಡು!"

ಕೈ ಹಿಂದೆ ಕಟ್ಕೊಂಡು ಮಾರು ದೂರ ನಿಂತ್ಲು ತಾಯಿ. ತಾನೇ ಕಲಸಿದ ಸೋಪು, ಬಣ್ಣ ಮಾತ್ರ ಮುಟ್ಟಂಗಿಲ್ಲ! ಹಾಕು ಅಂದ್ಲು, ಹಾಕ್ದ. ಸಾಕು ಅಂದ್ಲು, ಬಿಟ್ಟ. ಈ ಸಲ ಸೋಪು ಚೆಂಡುಹೂವಿನ ಬಣ್ಣಕ್ಕೆ ಬಂತು. ಅವಳಿಗೆ ಕಣ್ಣಲ್ಲಿ ನೀರು ಬಂತು.

ಸೋಪು ಒಣಗಿ ಮಾಗೋ ಹೊತ್ತಿಗೆ ಮದುವೇನೂ ಬಂತು. "ನಿಮ್ಮತ್ತೆ ಕೈಗೆ ಕೊಡು. ಅವ್ವ ಅರಿಶಿನ ಮುಟ್ಟಿಲ್ಲ ಅಂತ ಹೇಳು" ಅಂತ ಕಳಿಸಿದ್ಲು.

ಸಣ್ಣೀರ ತುಂಬಿದ ಮನೇಲಿ ನಿಂತು ಕೂಗ್ದ: "ಅತ್ತೇ! ಅವ್ವ ಅರಿಶಿನ ಮುಟ್ಟಿಲ್ಲ ಅಂತ ಹೇಳು ಅಂತ ಅವ್ವ ಹೇಳವ್ಳೆ!"

ನಿಂಗಾಜಮ್ಮನ ಮುಖ ಕಪ್ಪಿಟ್ಟೋಯ್ತು. "ಹೇಳ್ಕೊಟ್ಟು ಕಳ್ಸವ್ಳಾ? ಹಂಗಾದ್ರೆ ಮುಟ್ಟವ್ಳೆ! ನಿಮ್ಮವ್ವನೇ ಒಂದು ಅಪಶಕುನ ಕಣ್ಲಾ, ಹೋಗು!" ಅಂತ ಸೋಪನ್ನ ಬೀದಿಗೆ ಎಸೆದ್ಲು. ಮುಟ್ಟಿರ್ಲಿಲ್ಲ ಕಣ್ರಪ್ಪಾ, ಆ ತಾಯಾಣೆಗೂ ಮುಟ್ಟಿರ್ಲಿಲ್ಲ! ನನಗೆ ಈಗ್ಲೂ ಹೊಟ್ಟೆ ಉರೀತದೆ.

ಸಣ್ಣೀರ ಸೋಪು ಆಯ್ಕೊಂಡು ಮನೆಗೆ ಬಂದ.

"ಯಾಕ್ಲಾ ವಾಪಸ್ ತಂದೆ?"

"ಅಪಶಕುನ ಅಂದ್ರು ಕಣವ್ವ."

ಸೋಪಿಗೇ ಅಂದ್ರು ಅಂದ್ಕೊಂಡ್ಲು ಪಾಪ. ಎದೆ ಎದೆ ಬಡ್ಕೊಂಡು ಅತ್ಲು. "ಅಪಶಕುನ ಅಂದ್ಮೇಲೆ ಮನೇಲಿ ಯಾಕ್ಲಾ ಅದು? ಎತ್ತಿ ಆಚೆ ಹಾಕು! ಹಾಕಿ ಬಾಗಿಲು ಮುಚ್ಚು!"

"ಆಗ್ಲವ್ವ."

ಸಣ್ಣೀರ ಅವ್ವನ್ನ ಎತ್ಕೊಂಡ. ಎಲ್ಲೂ ನೋವಾಗದಂಗೆ ಎತ್ಕೊಂಡ. ಆಚೆ ಕೂರಿಸಿ, ಒಳಗೆ ಬಂದು ಅಗುಳಿ ಜಡಿದ.

"ಲೋ ಸಣ್ಣೀರಾ! ನಾನು ಕಣ್ಲಾ, ನಿಮ್ಮವ್ವ! ಬಾಗಿಲು ತೆಗಿ ಮಗ!"

"ತೆಗೆದ್ರೆ ಅಪಶಕುನ ಒಳಗೆ ಬರ್ತದಲ್ಲವ್ವಾ!"