ಬುಗ್ಗೆಯ ನೀರು ಕೊಡುವವನು

“ಗುರುಗಳೇ, ಊರಿನವರ ಸಂಕಟಕ್ಕೆಲ್ಲ ನಾನು ಧೈರ್ಯ ಹೇಳುತ್ತೇನೆ. ಈಗ ನನ್ನ ತಾಯಿ ಹಾಸಿಗೆ ಹಿಡಿದಿದ್ದಾಳೆ. ಆ ಮಾತುಗಳಲ್ಲಿ ಒಂದನ್ನೂ ಅವಳ ಮುಂದೆ ಆಡಲು ಬಾಯಿಯೇ ಬರುತ್ತಿಲ್ಲ. ಏಕೆ?” ಎಂದು ಶಿಷ್ಯನೊಬ್ಬ ಕೇಳಿದ.

“ಕೂತುಕೋ. ನಿನ್ನಂಥವನೇ ಒಬ್ಬನಿದ್ದ, ದೂರದ ಗ್ರೀಸ್ ದೇಶದ ಹಳ್ಳಿಯಲ್ಲಿ,” ಎಂದು ಗುರುಗಳು ಕತೆ ಹೇಳತೊಡಗಿದರು.

ಆ ಹಳ್ಳಿಯ ಬಂಡೆಯ ಸಂದಿಯಿಂದ ಖನಿಜ ತುಂಬಿದ ನೀರು ಬುಗ್ಗೆಯಾಗಿ ಏಳುತ್ತಿತ್ತು. ಮೂತ್ರಪಿಂಡದ ಕಲ್ಲನ್ನು ಕರಗಿಸುತ್ತದೆ ಎಂದು ಅದಕ್ಕೆ ಹೆಸರು. ಅಲ್ಲಿ ನಿಂತು, ಬಂದವರಿಗೆ ನೀರು ಕೊಡುತ್ತಿದ್ದವನು ಇವನೊಬ್ಬನೇ. ಬಟ್ಟಲು ಕೊಡುವಾಗ ರೋಗಿಯ ಕಣ್ಣನ್ನೇ ನೋಡಿ, “ಕುಡಿಯಿರಿ, ಹೆದರಬೇಡಿ” ಎನ್ನಬೇಕು. ಅದು ಅಲ್ಲಿಯ ವಾಡಿಕೆ. ಇಪ್ಪತ್ತು ವರ್ಷ ಅವನು ಹಾಗೆ ಹೇಳಿದ. ನರಳುತ್ತ ಬಂದವರು ಅವನ ಮುಖ ನೋಡಿಯೇ ಅರ್ಧ ಚೇತರಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ಅವನ ಹೆಂಡತಿಗೇ ಆ ನೋವು ಬಂತು. ಸೊಂಟ ಹಿಡಿದುಕೊಂಡು ನೆಲಕ್ಕೆ ಕುಸಿದಳು. ಅವನು ಬುಗ್ಗೆಗೆ ಓಡಿ ಬಟ್ಟಲು ತುಂಬಿಸಿದ. ಮನೆಯ ಬಾಗಿಲವರೆಗೆ ತಂದ. ಅಲ್ಲೇ ನಿಂತುಬಿಟ್ಟ. ಕುಡಿಸಿಯೂ ಗುಣವಾಗದಿದ್ದರೆ? ಬೇರೆಯವರು ನೀರು ಕುಡಿದು ತಮ್ಮ ತಮ್ಮ ಊರಿಗೆ ಹೋಗುತ್ತಿದ್ದರು. ಆಮೇಲೆ ಅವರು ಏನಾದರೋ ಅವನು ಕಂಡವನಲ್ಲ. ಇವಳು ಎಲ್ಲಿಗೆ ಹೋಗುತ್ತಾಳೆ? ಹಗಲೂ ರಾತ್ರಿ ಕಣ್ಣೆದುರೇ ಇರುವವಳು. ಅವನು ನೀರನ್ನು ಅಂಗಳಕ್ಕೆ ಚೆಲ್ಲಿದ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಅದು ಉಡಾಫೆಯ ಮಾತು. ಇವನದು ಉಡಾಫೆಯಲ್ಲ, ಪಾಪ, ಭಯ.

“ಪಟ್ಟಣದ ವೈದ್ಯರ ಹತ್ತಿರ ಹೋಗೋಣ,” ಎಂದ.

“ಲೋಕಕ್ಕೆಲ್ಲ ನೀರು ಕೊಡುತ್ತೀರಿ. ನನಗೆ ಕೊಡಲು ನಿಮಗೇನು ಧಾಡಿ?” ಎಂದಳು ಹೆಂಡತಿ.

ಅವನು ಗಾಡಿ ಹೂಡಿದ. ಕಲ್ಲುದಾರಿಯಲ್ಲಿ ಗಾಡಿ ಕುಲುಕಿದಾಗಲೆಲ್ಲ ಅವಳು ಚೀರುತ್ತಿದ್ದಳು, ಇವನ ಜೀವ ಬಾಯಿಗೆ ಬರುತ್ತಿತ್ತು.

ವೈದ್ಯ ಯಾವ ಊರೆಂದು ಕೇಳಲಿಲ್ಲ. ಇವನೂ ಹೇಳಲಿಲ್ಲ. ಪರೀಕ್ಷಿಸಿ ನೋಡಿದ ವೈದ್ಯ, “ಕಲ್ಲಿದೆ. ನನ್ನ ಔಷಧಿ ಒಂದು ಗಳಿಗೆ ನೋವು ತಡೆದೀತು, ಅಷ್ಟೇ. ಬೆಟ್ಟದಾಚೆಯ ಹಳ್ಳಿಯಲ್ಲಿ ಒಂದು ಬುಗ್ಗೆಯಿದೆ. ಆ ನೀರು ಕುಡಿಸು, ತಡ ಮಾಡಬೇಡ” ಎಂದ.

“ಅದರಿಂದ ಖಂಡಿತ ಗುಣವಾಗುತ್ತದೆಯೇ, ಸ್ವಾಮಿ?” ಎಂದು ಇವನು ಕೇಳಿದ.

“ನಾನೇನು ಕಂಡೆ? ಅಲ್ಲಿ ನೀರು ಕೊಡುವವನೊಬ್ಬನಿದ್ದಾನಂತೆ. ಅವನ ಮುಖದಲ್ಲಿ ಎಳ್ಳಷ್ಟೂ ಅನುಮಾನ ಇರುವುದಿಲ್ಲವಂತೆ. ಅವನನ್ನು ನಂಬಿಯೇ ನಾನು ರೋಗಿಗಳನ್ನು ಕಳಿಸುವುದು.”

ಅಯ್ಯೋ, ಇವನು ಯಾರನ್ನು ನಂಬಬೇಕು? ತಲೆ ತಗ್ಗಿಸಿ ಗಾಡಿ ತಿರುಗಿಸಿದ. ಬುಗ್ಗೆಯ ಬಳಿ ಹೆಂಡತಿಯನ್ನು ಇಳಿಸಿ, ಬಟ್ಟಲು ತುಂಬಿಸಿ ಅವಳ ಕಣ್ಣು ನೋಡಿದ. ಅರ್ಧ ನೀರು ಚೆಲ್ಲಿಹೋಯಿತು.

“ಕುಡಿ,” ಎಂದ. “ನನಗೆ ತುಂಬಾ ಹೆದರಿಕೆಯಾಗುತ್ತಿದೆ ಕಣೇ. ಆದರೂ ಕುಡಿ.”

ಅವಳು ಅವನ ಕೈಯನ್ನು ತಾನೇ ಹಿಡಿದುಕೊಂಡು ಕುಡಿದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಅವಳಿಗೆ ಗುಣವಾಯಿತೇ, ಗುರುಗಳೇ?” ಎಂದ.

“ಅದು ಗೊತ್ತಾದ ಮೇಲೆಯೇ ನಿನ್ನ ತಾಯಿಯ ಹತ್ತಿರ ಹೋಗುತ್ತೀಯೇನು?”