ಗಂಡನನ್ನು ಬಿಡಿಸಿಕೊಳ್ಳದ ಸಾಹುಕಾರ್ತಿ

"ಅಕ್ಕನವರೇ, ಇವತ್ತು ಪೇಟೆಯ ಲಾಡ್ಜಿನಿಂದ ಪೊಲೀಸರು ಹೆಂಗಸರನ್ನು ಎಳೆತಂದು ಜೀಪಿಗೆ ಹತ್ತಿಸಿದರು. ಹೀಗೆ ಹಿಡಿಯುತ್ತಾ ಹೋದರೆ ಈ ದಂಧೆ ಎಂದಾದರೂ ನಿಂತೀತೇ?" ಎಂದು ಶಿಷ್ಯ ಕೇಳಿದ.

ಮಠದ ಅಕ್ಕನವರು ಹೇಳಿದರು:

ಒಂದು ಸಣ್ಣ ಪಟ್ಟಣ. ಅಲ್ಲಿಯ ಪೊಲೀಸರು ಲಾಡ್ಜಿಗೆ ನುಗ್ಗಿದಾಗಲೆಲ್ಲ ಹೆಂಗಸರನ್ನು ಮುಂಬಾಗಿಲಿಂದ ಎಳೆತರುತ್ತಿದ್ದರು, ಗಂಡಸರನ್ನು ಹಿತ್ತಲಿಂದ ಸಾಗಹಾಕುತ್ತಿದ್ದರು. ಹಿತ್ತಲಿಂದ ಬಂದವನು ಸುತ್ತು ಹಾಕಿ ಬಂದು ಗುಂಪಿನಲ್ಲಿ ನಿಂತು, ಆ ಹೆಂಗಸರ ಕಡೆ ನೋಡಿ ಥೂ ಎಂದು ಉಗುಳುತ್ತಿದ್ದ.

ಆಮೇಲೊಬ್ಬ ಹೊಸ ಫೌಜದಾರ ಬಂದ. ಗಿರಾಕಿಯೇ ಇಲ್ಲದಿದ್ದರೆ ವ್ಯಾಪಾರವೆಲ್ಲಿ ಎಂದುಕೊಂಡು ಗಂಡಸರನ್ನು ಹಿಡಿಯತೊಡಗಿದ. ಅವರೋ ಭಂಡರು. ದಂಡ ಕಟ್ಟಿ, ಮೀಸೆ ತಿರುವಿಕೊಂಡು, ಮರುವಾರ ಮತ್ತೆ ಹಾಜರು. ಆಗ ಫೌಜದಾರ ಒಂದು ಕಟ್ಟಳೆ ಮಾಡಿದ: ಸಿಕ್ಕಿಬಿದ್ದವನನ್ನು ಅವನ ಮನೆಯ ಹೆಂಗಸೇ ಠಾಣೆಗೆ ಬಂದು ಕರೆದುಕೊಂಡು ಹೋಗಬೇಕು. ಹೆಂಡತಿಯ ಮುಖ ಕಂಡಾದರೂ ನಾಚಿಕೆ ಬಂದೀತು ಎಂದು ಅವನ ಎಣಿಕೆ.

ಊರ ಬಾಯಿಗೆ ಹಬ್ಬವಾಯಿತು. ಯಾರ ಸೊಸೆ ಮುಖಕ್ಕೆ ಸೆರಗು ಎಳೆದುಕೊಂಡು ಹೋದಳು, ಯಾರ ಹೆಂಡತಿ ಮೂಗು ಒರೆಸಿಕೊಂಡು ಬಂದಳು, ನಲ್ಲಿಯ ಹತ್ತಿರ ಬರೀ ಅದೇ ಮಾತು. ಕೊನೆಗೆ, "ಮನೆಯಲ್ಲಿ ಇವಳು ಸರಿಯಿದ್ದಿದ್ದರೆ ಅವನ್ಯಾಕೆ ಅಲ್ಲಿಗೆ ಹೋಗುತ್ತಿದ್ದ?" ಎಂದು ಅವಳಿಗೇ ಮಂಗಳಾರತಿ.

ಒಂದು ದಿನ ಸೀರೆ ವ್ಯಾಪಾರದ ಸಾಹುಕಾರನೊಬ್ಬ ಸಿಕ್ಕಿಬಿದ್ದ. ಹಣೆ ತುಂಬ ವಿಭೂತಿ, ಬಾಯಿ ತುಂಬ ನೀತಿ. ಮಗಳ ನಿಶ್ಚಯಕ್ಕೆ ಬೀಗರು ಅದೇ ವಾರ ಬರುವವರಿದ್ದರು. ಹೆಂಡತಿಗೆ ಕರೆ ಬಂದಾಗ ಅತ್ತೆ ಎದೆ ಬಡಿದುಕೊಂಡಳು. "ಹಿಂದಿನ ಓಣಿಯಿಂದ ಹೋಗಿ ಕರೆದುಕೊಂಡು ಬಾರೇ. ಬೀಗರ ಕಿವಿಗೆ ಬಿದ್ದರೆ ಹುಡುಗಿಯ ಗತಿಯೇನು?"

"ಹಿಂದಿನ ಓಣಿ ಯಾಕತ್ತೆ? ನಾನೇನು ಕದ್ದಿದ್ದೇನೆಯೆ?" ಎಂದಳು ಸಾಹುಕಾರ್ತಿ. ಮಗಳ ಮುಖವನ್ನೊಮ್ಮೆ ನೋಡಿದಳು. ಆದರೂ ಪೆಟ್ಟಿಗೆಯಲ್ಲಿದ್ದ ರೇಷ್ಮೆ ಸೀರೆ ತೆಗೆದು ಉಟ್ಟಳು, ಪೇಟೆಯ ನಟ್ಟನಡುವೆ ನಡೆದಳು.

ಠಾಣೆಯಲ್ಲಿ ಫೌಜದಾರ, "ಕರೆದುಕೊಂಡು ಹೋಗಿ ತಾಯಿ" ಎಂದ.

"ಯಾಕೆ? ಲಾಡ್ಜಿಗೆ ನಾನು ಕೈಹಿಡಿದು ಬಿಟ್ಟು ಬಂದಿದ್ದೆನೆ? ಹೋಗುವ ದಾರಿ ಗೊತ್ತಿದ್ದವರಿಗೆ ಬರುವ ದಾರಿ ಗೊತ್ತಿಲ್ಲವೆ?"

ಬೆಂಚಿನ ಮೇಲಿದ್ದ ಗಂಡ ಪಿಸುಗುಟ್ಟಿದ. "ಮೆಲ್ಲಗೆ ಮಾತಾಡೇ, ಮಾನ ಹೋಗುತ್ತದೆ."

"ಹೋಗಲಿ, ಅದು ನಿಮ್ಮದು. ನನ್ನದನ್ನು ನಾನು ಉಟ್ಟುಕೊಂಡೇ ಬಂದಿದ್ದೇನೆ." ಫೌಜದಾರನ ಕಡೆ ತಿರುಗಿದಳು. "ಮೊದಲು ಲಾಡ್ಜಿನವಳನ್ನು ಎಳೆತಂದಿರಿ. ಈಗ ನನ್ನನ್ನು ಎಳೆತಂದಿರಿ. ಇವರನ್ನು ಒಂದು ಸಲ ಒಬ್ಬರನ್ನೇ ಬೀದಿಯಲ್ಲಿ ನಡೆಸಿ ನೋಡಿ, ಸಾಹೇಬರೇ."

ಅಷ್ಟು ಹೇಳಿ ಮನೆಗೆ ಹೊರಟೇಬಿಟ್ಟಳು.

ಫೌಜದಾರನ ಮುಖ ಸಣ್ಣಗಾಯಿತು. ಅಂದೇ ಆ ಕಟ್ಟಳೆ ಬಿಟ್ಟ. ಸಂತೆ ತುಂಬಿದ ಮಧ್ಯಾಹ್ನ, ಮುಖಕ್ಕೆ ಕರವಸ್ತ್ರವನ್ನೂ ಕೊಡದೆ, ವ್ಯಾಪಾರಿಯನ್ನು ಒಬ್ಬನನ್ನೇ ಹೊರಗೆ ಕಳಿಸಿದ. ಯಾರೂ ಬೈಯಲಿಲ್ಲ. ಅಂಗಡಿಯವರು ತಕ್ಕಡಿ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತರು, ಅಷ್ಟೇ. ಅವನಿಗೆ ಹುಟ್ಟಿದೂರಿನ ಬೀದಿಯೇ ಮುಗಿಯದಾಯಿತು.

ಬೀಗರು ಬರಲಿಲ್ಲ. ನಿಶ್ಚಯಕ್ಕೆಂದು ಮಾಡಿಸಿದ ಹೋಳಿಗೆಯನ್ನು ಸಾಹುಕಾರ್ತಿ ಮಗಳ ಕೈಯಲ್ಲೇ ಓಣಿಗೆಲ್ಲ ಹಂಚಿಸಿದಳು. "ಅಪ್ಪನ ತಪ್ಪಿಗೆ ಮಗಳನ್ನು ತೂಗುವ ಮನೆ ತಪ್ಪಿತು, ಬಾಯಿ ಸಿಹಿ ಮಾಡಿಕೊಳ್ಳಿ" ಎಂದಳು. ಆಮೇಲೆ ಸಿಕ್ಕವರೆಲ್ಲರೂ ಹಾಗೆಯೇ ಒಬ್ಬೊಬ್ಬರೇ ನಡೆದರು. ಕಾರ್ತಿಕ ಬರುವಷ್ಟರಲ್ಲಿ ಲಾಡ್ಜಿನ ಮೆಟ್ಟಿಲ ಮೇಲೆ ನಾಯಿ ಮಲಗತೊಡಗಿತು.

ಕತೆ ನಿಂತಿತು. ಶಿಷ್ಯ ಇನ್ನಷ್ಟು ಹತ್ತಿರ ಸರಿದು, ದನಿ ತಗ್ಗಿಸಿ ಕೇಳಿದ. "ಅಕ್ಕನವರೇ, ಅವತ್ತು ಲಾಡ್ಜಿನಲ್ಲಿ ಸಿಕ್ಕವಳು ಯಾರು? ಯಾವ ಓಣಿಯವಳು?"

ಅಕ್ಕನವರು ಅವನನ್ನೇ ನೋಡಿದರು. "ಸಿಕ್ಕವನು ಯಾರು, ಯಾವ ಓಣಿಯವನು ಎಂದು ನೀನು ಕೇಳಲಿಲ್ಲ."