ವಾಮನ ಕಾಲು ಹಿಡಿದದ್ದು

ಬಂದರಿನ ಪೇಟೆಯೊಂದರಲ್ಲಿ ಒಬ್ಬ ತಾಯಿ, ಅವಳಿಗೊಬ್ಬ ಮಗ. ತಾಯಿಯ ಹೆಸರು ಭಾಗೀರಥಿ, ಮೀನು ಮಾರುವವಳು. ಮಗನ ಹೆಸರು ವಾಮನ. ಹೆಸರಿಗೆ ಮಾತ್ರ ವಾಮನ. ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ಹೇಳಿದ ಕೆಲಸ ಮಾಡುತ್ತಿದ್ದ. ಹೇಳಿದಷ್ಟನ್ನೇ ಮಾಡುತ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ. "ಒಲೆಯ ಮೇಲೆ ಅನ್ನ ಉಂಟು, ನೋಡುತ್ತಾ ಇರು" ಅಂದರೆ ಅದು ಸೀದು ಕರಿಯಾಗುವವರೆಗೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಭಾಗೀರಥಿಯ ಅಣ್ಣ ಗುಜರಾತಿನ ಕಡೆ ಬೋಟಿನಲ್ಲಿ ದುಡಿಯುವವ. ಊರಿಗೆ ಬಂದಾಗಲೆಲ್ಲ "ಇವನನ್ನು ನನ್ನ ಜೊತೆ ಕಳಿಸು, ಇಷ್ಟು ದೊಡ್ಡ ಮೈ ಸುಮ್ಮನೆ ಕೂತು ತಿನ್ನುವುದೆಂತಕ್ಕೆ" ಅನ್ನುತ್ತಿದ್ದ. ಆ ಮಾತು ಕೇಳಿದರೆ ಭಾಗೀರಥಿಯ ಎದೆ ಹಾರುತ್ತಿತ್ತು. ಬೋಟಿನ ಮೇಲೆ, ಗಾಳಿಯ ಗದ್ದಲದಲ್ಲಿ, ಹೇಳುವವ ಅರ್ಧ ಹೇಳುತ್ತಾನೆ. ಉಳಿದರ್ಧವನ್ನು ಕೇಳುವವ ತಿಳಿದುಕೊಳ್ಳಬೇಕು. ಇವನಿಗೆ ಅರ್ಧ ಹೇಳಿದರೆ ಅರ್ಧವೇ. ಅಲ್ಲಿ ಅರ್ಧ ಅಂದರೆ ಕಡಲಿನ ಪಾಲು. ಈ ಸಲ ಅಣ್ಣ ಬಂದವನೇ "ಮುಂದಿನ ವಾರ ಹೊರಡುತ್ತೇನೆ, ಅಷ್ಟರೊಳಗೆ ಇವನಿಗೆ ಇಲ್ಲಿ ಏನಾದರೂ ದಾರಿಯಾದರೆ ಸರಿ, ಇಲ್ಲವಾದರೆ ನನ್ನ ಜೊತೆ" ಅಂದುಬಿಟ್ಟ.

ಆ ಪೇಟೆಗೆ ಫುಟ್‌ಬಾಲ್ ಅಂದರೆ ಪ್ರಾಣ. ಗಲ್ಲಿಗೊಂದು ತಂಡ, ತಂಡಕ್ಕೊಂದು ಬಣ್ಣ. ಭಾಗೀರಥಿ ತನ್ನ ಗಲ್ಲಿಯ ತಂಡದ ಹುಡುಗರನ್ನು ಬೇಡಿಕೊಂಡು ಮಗನನ್ನು ಗೋಲಿನಲ್ಲಿ ನಿಲ್ಲಿಸಿದಳು. "ಚೆಂಡು ಕೈಗೆ ಸಿಕ್ಕಿತಾ, ಯಾರಿಗೂ ಬಿಡಬೇಡ" ಅಂದ ಕಪ್ತಾನ.

ಚೆಂಡು ಸಿಕ್ಕಿತು. ವಾಮನ ಬಿಡಲಿಲ್ಲ. ತನ್ನ ತಂಡದವರು ಕೇಳಿದರು, ಕೊಡಲಿಲ್ಲ. ರೆಫ್ರಿ ಕೇಳಿದ, ಕೊಡಲಿಲ್ಲ. ಎರಡೂ ತಂಡ ಸೇರಿ ಅವನ ಮೈಮೇಲೆ ಜೋತುಬಿದ್ದು ಎಳೆದರೂ ಅವರನ್ನೆಲ್ಲ ಎಳೆದುಕೊಂಡೇ ಗೇಟು ದಾಟಿ, ಚೆಂಡನ್ನು ಮನೆಗೆ ತಂದ.

"ಅಯ್ಯೋ ಮಗನೇ, ಹಿಡಿದುಕೊಂಡೇ ಇರುವುದಾ? ಕೊಡಲಿಕ್ಕೂ ಕಲಿಯಬೇಕು. ಯಾರಾದರೂ ಎದುರಿಗೆ ಬಂದು ಕೈ ಚಾಚಿದರೆ ಕೊಟ್ಟುಬಿಡು."

"ಆಯಿತಮ್ಮ" ಅಂದ ವಾಮನ.

ಊರೆಲ್ಲ ನಕ್ಕಿತು. ನಗದೆ ನಿಂತವ ಒಬ್ಬನೇ, ಸೆವರಿನ್. ಹಡಗಿನಲ್ಲಿ ಅಡುಗೆ ಮಾಡಿಕೊಂಡು ಆಸ್ಟ್ರೇಲಿಯಾದ ಬಂದರುಗಳನ್ನು ಸುತ್ತಿದವ, ಅಲ್ಲಿಂದ ಮೊಟ್ಟೆಯಾಕಾರದ ಒಂದು ಚೆಂಡನ್ನೂ ರಗ್ಬಿ ಲೀಗ್ ಎಂಬ ಆಟವನ್ನೂ ತಂದವ. ಚೆಂಡನ್ನು ಎದೆಗೆ ಅವಚಿಕೊಂಡು ಓಡುವುದು. ಕೈಯಿಂದ ಕೊಡುವುದಾದರೆ ಹಿಂದಕ್ಕೆ ಮಾತ್ರ. ಎದುರಿನವರು ಆರು ಸಲ ಕೆಡವಿದರೆ ಚೆಂಡು ಅವರಿಗೆ. ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ನಾಲ್ಕು ಅಂಕ. ಫುಟ್‌ಬಾಲಿನವರು ಬೇಡವೆಂದು ಬಿಟ್ಟ ಹುಡುಗರನ್ನು ಕಟ್ಟಿಕೊಂಡು ಅವನು ಕಡಲ ಬದಿಯ ಮರಳು ಹೊಯಿಗೆಯಲ್ಲಿ ಆಡಿಸುತ್ತಿದ್ದ. "ಮೊಟ್ಟೆ ಎಷ್ಟಕ್ಕೆ ಕೊಡ್ತೀರಿ ಮಾಸ್ಟ್ರೇ" ಅಂತ ದಾರಿಹೋಕರು ಕೇಳುತ್ತಿದ್ದರು. ಆಟವೆಂದು ಯಾರೂ ಒಪ್ಪಿರಲಿಲ್ಲ.

"ಭಾಗೀರಥಿಯಕ್ಕ, ಇಷ್ಟು ಜನ ಎಳೆದರೂ ಚೆಂಡು ಬಿಡದವನನ್ನು ನಾನು ಹುಡುಕುತ್ತಾ ಇದ್ದೆ. ನನಗೆ ಕೊಡಿ" ಅಂದ ಸೆವರಿನ್. ಮಗನನ್ನು ಯಾರಾದರೂ ಕೇಳಿಕೊಂಡು ಬಂದದ್ದು ಅದೇ ಮೊದಲು. ಭಾಗೀರಥಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಯಿಗೆಯಲ್ಲಿ ವಾಮನ ಚೆಂಡು ಹಿಡಿದು ಓಡಿದ. ಎದುರಿನವನು ಕೆಡವಲು ಕೈ ಚಾಚಿಕೊಂಡು ಬಂದ. ವಾಮನ ನಿಂತು, ಚೆಂಡನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ಅವನ ಕೈಗಿಟ್ಟ.

"ಎದುರಿನವರಿಗೆ ಯಾರಾದರೂ ಕೊಡ್ತಾರಾ ಮಾರಾಯ" ಅಂದ ಸೆವರಿನ್. "ಹಿಂದೆ ಇದ್ದವರಿಗೆ ಕೊಡಬೇಕು. ಯಾವಾಗಲೂ ಹಿಂದೆ ಇದ್ದವರಿಗೆ."

"ಆಯಿತು ಮಾಸ್ಟ್ರೇ."

ಮರುದಿನ ಭಾಗೀರಥಿ ಅವನ ಕೈಯಲ್ಲಿ ಅಂಜಲ್ ಮೀನಿನ ಬುಟ್ಟಿ ಕೊಟ್ಟು ಉಮರಬ್ಬರ ಮನೆಗೆ ಕಳಿಸಿದಳು. ಉಮರಬ್ಬರು ಫುಟ್‌ಬಾಲ್ ಸಂಘದ ಅಧ್ಯಕ್ಷರು; ಒಂದು ಕಾಲದಲ್ಲಿ ಅವರ ಎಡಗಾಲಿಗೆ ಚೆಂಡು ಸಿಕ್ಕಿದರೆ ಮೈದಾನ ಉಸಿರು ಹಿಡಿಯುತ್ತಿತ್ತಂತೆ. ಊರಿನ ಒಂದೇ ಮೈದಾನದ ಬೀಗದ ಕೈ ಅವರ ಬಳಿ. ಅವತ್ತು ಅವರ ಮನೆಯಲ್ಲಿ ನೆಂಟರು. ವಾಮನ ಬಾಗಿಲು ತಟ್ಟಿದ. ಉಮರಬ್ಬರೇ ಎದುರಿಗೆ ಬಂದರು. ಎದುರಿನವರಿಗೆ ಕೊಡಬಾರದಲ್ಲ. ವಾಮನ ಹಿಂದೆ ತಿರುಗಿದ. ರಸ್ತೆಯಲ್ಲಿ ಯಾರೋ ಸೈಕಲಿನವ ಹೋಗುತ್ತಿದ್ದ. ಬುಟ್ಟಿ ಅವನ ಪಾಲಾಯಿತು.

ನೆಂಟರು ಸಾರು ಇಲ್ಲದೆ ಉಂಡರು. ಭಾಗೀರಥಿ ತಲೆ ಚಚ್ಚಿಕೊಂಡಳು. "ಯಾರ ಮನೆಯ ಬಾಗಿಲಲ್ಲಿ ಎಂತ ಮಾಡಿ ಬಂದೆ? ಇನ್ನು ತಪ್ಪಾಯಿತು ಅಂತ ಗೊತ್ತಾದರೆ ಕಾಲು ಹಿಡಿ. ಕಾಲು ಹಿಡಿದು ಕ್ಷಮಿಸಿ ಅಂತ ಹೇಳು."

"ಆಯಿತಮ್ಮ."

ಸಂಜೆ ಹೊಯಿಗೆಯಲ್ಲಿ ಸೆವರಿನ್ ಕೆಡವುವುದನ್ನು ಕಲಿಸುತ್ತಿದ್ದ. ಎದುರಿನವನು ಓಡಿ ಬಂದ. "ಕಾಲು ಹಿಡಿ, ವಾಮನ, ಕಾಲು ಹಿಡಿ" ಅಂದ ಸೆವರಿನ್. ವಾಮನ ಮಂಡಿಯೂರಿದ. ಓಡಿ ಬಂದವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು "ಕ್ಷಮಿಸಿ" ಅಂದ. ಪಾದದ ಯಜಮಾನ ಅವನನ್ನು ಹಾರಿಕೊಂಡು ಹೋಗಿ ಅಂಕ ಮಾಡಿದ.

ಸೆವರಿನ್ ಹೊಯಿಗೆಯ ಮೇಲೆ ಕೂತುಬಿಟ್ಟ. ಅವನಿಗೆ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಆಮೇಲೆ ಎದ್ದು, ವಾಮನನ ಭುಜ ಹಿಡಿದು ತೋರಿಸಿಕೊಟ್ಟ. "ನೋಡು. ಭುಜವನ್ನು ತೊಡೆಗೆ ಕೊಡುವುದು. ಎರಡೂ ಕೈಯಲ್ಲಿ ಕಾಲು ಬಿಗಿಯುವುದು. ತಳ್ಳಿ ನೆಲಕ್ಕೆ ಕೆಡವುವುದು. ಕಾಲು ಹಿಡಿಯುವುದು ಅಂದರೆ ಇದು. ಯಾರು ಹೇಳಿದರೂ ಇದೇ."

ವಾಮನ ಕಲಿತ. ಒಬ್ಬನನ್ನು ಕೆಡವಿದ, ಇನ್ನೊಬ್ಬನನ್ನು ಕೆಡವಿದ. ಬಿದ್ದವರಿಗೆ ಆಕಾಶ ಮಾತ್ರ ಕಾಣುತ್ತಿತ್ತು. ಮೊದಲ ಸಲ ಅವನು ನಕ್ಕದ್ದನ್ನು ಹುಡುಗರು ನೋಡಿದರು.

ಇದರ ನಡುವೆ ಸೆವರಿನ್ ಮೈದಾನ ಕೇಳಿ ಸಂಘಕ್ಕೆ ಹೋಗಿ ಬಂದ. ಘಟ್ಟದ ಮೇಲಿನ ಒಂದು ರಗ್ಬಿ ತಂಡ ಭಾನುವಾರ ಬರಲು ಒಪ್ಪಿತ್ತು. ಹೊಯಿಗೆಯಲ್ಲಿ ಆಡಿಸಲು ಆಗುವುದಿಲ್ಲ. ಉಮರಬ್ಬರು ತಲೆ ಎತ್ತಿಯೂ ನೋಡಲಿಲ್ಲ. "ಭಾನುವಾರ ಫೈನಲ್. ಮೊಟ್ಟೆ ಆಟಕ್ಕೆ ಜಾಗ ಇಲ್ಲ. ಮೇಲಾಗಿ ನಿಮ್ಮ ತಂಡದಲ್ಲಿ ನನ್ನ ಮೀನು ದಾನ ಮಾಡಿದವ ಇದ್ದಾನಂತೆ."

ಸುದ್ದಿ ಭಾಗೀರಥಿಗೆ ಮುಟ್ಟಿತು. ಮಗನಿಂದಾಗಿ ಎಲ್ಲರ ಆಟ ಹೋಯಿತು. ಆಟ ಹೋದರೆ ಬೋಟೇ ಗತಿ. ಅಣ್ಣ ಆಗಲೇ ವಾಮನನಿಗೆಂದು ಒಂದು ಮಳೆಯಂಗಿ ತಂದು ಗೂಟಕ್ಕೆ ತೂಗುಹಾಕಿದ್ದ. ಅದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. "ನಡಿ ನನ್ನ ಜೊತೆ. ಉಮರಬ್ಬರ ಕಾಲು ಹಿಡಿದಾದರೂ ಮೈದಾನ ಕೇಳು."

"ಕಾಲು ಹಿಡಿಯುವುದಾ ಅಮ್ಮ?"

"ಹೌದು. ಗಟ್ಟಿ ಹಿಡಿ. ಒಪ್ಪುವವರೆಗೆ ಬಿಡಬೇಡ."

ಉಮರಬ್ಬರು ಜಗಲಿಯಲ್ಲಿ ನಿಂತು ಸಂಘದವರೊಡನೆ ಮಾತಾಡುತ್ತಿದ್ದರು. ವಾಮನ ಅಂಗಳದಿಂದಲೇ ಓಡಿದ. ಭುಜ ತೊಡೆಗೆ ಕೊಟ್ಟ, ಎರಡೂ ಕೈಯಲ್ಲಿ ಬಿಗಿದ, ತಳ್ಳಿದ. ಮಾಸ್ಟ್ರು ಕಲಿಸಿದ್ದರಲ್ಲಿ ಒಂದೂ ಬಿಡಲಿಲ್ಲ. ಅಧ್ಯಕ್ಷರು ಅಂಗಾತ ಬಿದ್ದರು, ಟೋಪಿ ಒಂದು ಕಡೆ, ಚಪ್ಪಲಿ ಒಂದು ಕಡೆ. ಅವರ ಮೇಲೆ ವಾಮನ, ಕಾಲು ಬಿಡದೆ.

ಭಾಗೀರಥಿ ಕಂಬ ಹಿಡಿದು ನಿಂತಳು.

"ಮೈದಾನ ಕೊಡ್ತೀರಾ?" ಅಂತ ಕೇಳಿದ ವಾಮನ.

ಉಮರಬ್ಬರು ಬಿದ್ದಲ್ಲಿಂದಲೇ ಅವನನ್ನು ನೋಡಿದರು. ಅವರ ಧ್ವನಿ ತಣ್ಣಗಿತ್ತು. "ಇಷ್ಟು ವರ್ಷ ಆಡಿದೆ. ನನ್ನನ್ನು ಯಾರೂ ಹೀಗೆ ಕೆಡವಿರಲಿಲ್ಲ. ಕೊಡುತ್ತೇನೆ. ಭಾನುವಾರ, ಫೈನಲಿಗೆ ಮೊದಲು, ಇಡೀ ಊರಿನ ಎದುರು. ಇವನು ಆಡಲೇಬೇಕು. ಆಟ ಮುಗಿಯುವ ಮೊದಲು ಜನ ಎದ್ದು ಹೋದರೆ ಈ ಊರಲ್ಲಿ ಆ ಚೆಂಡು ಮತ್ತೆ ಕಾಣಬಾರದು."

ಅದು ದಾನವಲ್ಲ, ನಾಲ್ಕು ಜನರ ಎದುರು ಮಾನ ತೆಗೆಯುವ ಏರ್ಪಾಡು ಎಂದು ಸೆವರಿನ್‌ಗೆ ಗೊತ್ತಿತ್ತು. ಆದರೂ ಒಪ್ಪಿದ. ಬೇರೆ ದಾರಿ ಇರಲಿಲ್ಲ. ಭಾಗೀರಥಿ ದಾರಿಯುದ್ದಕ್ಕೂ ಮಗನಿಗೆ ಹೇಳಿದಳು. "ಕೆಡವಿ ಮೇಲೆ ಕೂತುಕೊಳ್ಳುವುದಾ? ಬಿದ್ದವರನ್ನು ಎತ್ತಬೇಕು. ಮೈ ಒರೆಸಬೇಕು. ಕೈ ಹಿಡಿದು ಅವರ ಜಾಗಕ್ಕೆ ಮುಟ್ಟಿಸಬೇಕು."

"ಆಯಿತಮ್ಮ."

ಭಾನುವಾರ ಬೆಳಿಗ್ಗೆ ಮಳೆ ಹನಿದು ಮೈದಾನ ಕೆಸರಾಗಿತ್ತು. ಫುಟ್‌ಬಾಲಿನ ಗೋಲುಗಳಿಗೇ ಎತ್ತರದ ಬಿದಿರು ಕಟ್ಟಿ ರಗ್ಬಿಯ ಕಂಬ ಮಾಡಿದ್ದರು. ಊರಿಗೆ ಊರೇ ಬಂದಿತ್ತು, ನಗಲಿಕ್ಕೆ. ಉಮರಬ್ಬರು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಭಾಗೀರಥಿಯ ಅಣ್ಣನೂ ಇದ್ದ.

ಘಟ್ಟದ ಮೇಲಿನವರು ಆಡಿ ಪಳಗಿದವರು, ಮೊದಲ ಓಟಕ್ಕೇ ಗೆರೆ ದಾಟಿ ನಾಲ್ಕು ಅಂಕ ಮಾಡಿದರು. ಸೆವರಿನ್‌ನ ಹುಡುಗರು ಹಲ್ಲು ಕಚ್ಚಿ ತಡೆದರು, ಬಿದ್ದರು, ಎದ್ದರು. ಜನ ಮೊದಲು ನಕ್ಕರು, ಆಮೇಲೆ ನಗುವುದನ್ನು ಮರೆತರು. ಆಗ ಘಟ್ಟದವರ ಓಟಗಾರನೊಬ್ಬ ಎಲ್ಲರನ್ನೂ ತಪ್ಪಿಸಿಕೊಂಡು ಬಂದ. ಎದುರಿಗೆ ಉಳಿದವ ವಾಮನ ಒಬ್ಬನೇ. ವಾಮನ ಭುಜ ಕೊಟ್ಟ. ಓಟಗಾರ ದೊಪ್ಪನೆ ಬಿದ್ದ. ಮೈದಾನವೆಲ್ಲ ಹೋ ಎಂದಿತು. ರೆಫ್ರಿ ಸೀಟಿಗೆ ಬಾಯಿ ಹಾಕುವಷ್ಟರಲ್ಲಿ ವಾಮನ ಅವನನ್ನು ಎತ್ತಿ ನಿಲ್ಲಿಸಿದ್ದ. ಬೆನ್ನಿನ ಕೆಸರು ಒರೆಸಿದ.

"ನಿಮ್ಮ ಜಾಗ ಯಾವುದು?" ಅಂತ ಕೇಳಿದ.

ಓಟಗಾರ ಒಂದು ಗಳಿಗೆ ಅವನ ಮುಖ ನೋಡಿ, ವಾಮನನ ಹಿಂದಿದ್ದ ಗೆರೆಯ ಕಡೆಗೆ ಬೆರಳು ತೋರಿಸಿದ. "ಅಲ್ಲಿ."

ವಾಮನ ಕೈ ಹಿಡಿದು ಅವನನ್ನು ಗೆರೆಯಾಚೆ ಮುಟ್ಟಿಸಿದ. ಓಟಗಾರ ಚೆಂಡು ನೆಲಕ್ಕಿಟ್ಟು ಮತ್ತೆ ನಾಲ್ಕು ಅಂಕ ತೆಗೆದುಕೊಂಡ.

ಹಿಂದಿನ ಸಾಲುಗಳಲ್ಲಿ ಕೆಲವರು ಎದ್ದರು. ಉಮರಬ್ಬರು ಎದ್ದವರ ಕಡೆಗೇ ನೋಡುತ್ತಿದ್ದರು. ಭಾಗೀರಥಿ ತಲೆ ತಗ್ಗಿಸಿಕೊಂಡಳು.

ವಿರಾಮದಲ್ಲಿ ಸೆವರಿನ್ ಬೈಯಲೂ ಇಲ್ಲ. ತನ್ನ ಅಂಗಿಯಿಂದ ಚೆಂಡನ್ನು ಒರೆಸುತ್ತಾ ಹೇಳಿದ: "ವಾಮನ, ಇನ್ನು ಯಾರನ್ನೂ ಎಲ್ಲಿಗೂ ಮುಟ್ಟಿಸಬೇಡ. ಕೆಡವು, ಬಿಡು. ಚೆಂಡು ನಿನಗೆ ಸಿಕ್ಕಿದರೆ ಗೆರೆ ದಾಟುವವರೆಗೆ ನಿಲ್ಲಬೇಡ. ಮತ್ತೆ ಇದು ನೋಡು, ಕೆಸರಿಗೆ ಜಾರುತ್ತದೆ. ಚೆಂಡಿಗೆ ಕೆಸರು ತಾಗಲಿಕ್ಕೆ ಬಿಡಬೇಡ."

"ಆಯಿತು ಮಾಸ್ಟ್ರೇ."

ದ್ವಿತೀಯಾರ್ಧದಲ್ಲಿ ವಾಮನ ಕೆಡವಿದ, ಬಿಟ್ಟ. ಮತ್ತೆ ಕೆಡವಿದ, ಬಿಟ್ಟ. ಎದ್ದವರು ಒಬ್ಬೊಬ್ಬರಾಗಿ ಕೂತರು. ಇತ್ತ ಹುಡುಗರು ಒಂದು ಸಲ ಗೆರೆ ದಾಟಿ, ಕಂಬಗಳ ನಡುವೆ ಒದ್ದು ಇನ್ನೆರಡು ಅಂಕ ಸೇರಿಸಿ, ಅಂತರವನ್ನು ಎರಡೇ ಅಂಕಕ್ಕೆ ತಂದರು. ಫೈನಲ್ ಆಡಲು ಬಂದ ಫುಟ್‌ಬಾಲ್ ಹುಡುಗರು ಬೂಟು ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು ಗೆರೆಯ ಬದಿ ಬಂದು ನಿಂತರು. ಕೊನೆಯ ನಿಮಿಷ. ಐದು ಸಲ ಬಿದ್ದಾಗಿತ್ತು. ಆರನೆಯದು ಬಿದ್ದರೆ ಮುಗಿಯಿತು. ಚೆಂಡು ಹಿಂದಕ್ಕೆ, ಇನ್ನೂ ಹಿಂದಕ್ಕೆ ಬಂದು ವಾಮನನ ಎದೆಗೆ ಬಿತ್ತು.

ಅವನು ಓಡಿದ. ಒಬ್ಬ ಕಾಲಿಗೆ ಬಿದ್ದ, ಒಬ್ಬ ಸೊಂಟಕ್ಕೆ ಬಿದ್ದ, ಇನ್ನೊಬ್ಬ ಬೆನ್ನಿಗೆ ಜೋತುಬಿದ್ದ. ಎಲ್ಲರನ್ನೂ ಹೊತ್ತುಕೊಂಡು, ಒಬ್ಬೊಬ್ಬರನ್ನೇ ಉದುರಿಸಿಕೊಂಡು ನಡೆದ. ಭಾಗೀರಥಿಯ ಪಕ್ಕದಲ್ಲಿ ಅಣ್ಣ ತನಗೇ ಗೊತ್ತಿಲ್ಲದೆ ಅವಳ ತೋಳು ಹಿಡಿದಿದ್ದ. ವಾಮನ ಗೆರೆ ದಾಟಿದ.

"ಇಡು" ಅಂದಿತು ಊರು. "ನೆಲಕ್ಕೆ ಇಡು ಮಾರಾಯ, ಇಡು."

ವಾಮನ ಕೆಳಗೆ ನೋಡಿದ. ಕಾಲಡಿಯೆಲ್ಲ ಕೆಸರು. ಚೆಂಡನ್ನು ಕಂಕುಳಲ್ಲಿ ಒತ್ತಿಕೊಂಡು ಅಂಗಿಯ ಒಂದು ತೋಳು ಬಿಚ್ಚಿದ, ಆಮೇಲೆ ಇನ್ನೊಂದು. ದೂರದಿಂದ ಎದುರಾಳಿಗಳು ಓಡಿ ಬರುತ್ತಿದ್ದರು. ಅವನು ಅಂಗಿಯನ್ನು ಕೊಡವಿ, ನೆಲಕ್ಕೆ ಹಾಸಿ, ಮಡಿಕೆ ಸರಿಮಾಡಿ, ಅದರ ಮೇಲೆ ಚೆಂಡನ್ನು ಮೆಲ್ಲನೆ ಇಟ್ಟ. ಕೊನೆಯ ಸೀಟಿಯೂ ಆಗಲೇ ಕೇಳಿತು.

ರೆಫ್ರಿ ಬಂದು ಬಗ್ಗಿ ನೋಡಿದ. "ಅಂಕ ಇಲ್ಲ. ಚೆಂಡು ನೆಲಕ್ಕೆ ಮುಟ್ಟಿಲ್ಲ."

ಸೆವರಿನ್ ಕಣ್ಣು ಮುಚ್ಚಿಕೊಂಡ. ಅಷ್ಟರಲ್ಲಿ ಕುರ್ಚಿ ಉರುಳಿದ ಸದ್ದಾಯಿತು. ಉಮರಬ್ಬರು ಕುಂಟುತ್ತಾ, ಪಟ್ಟಿ ಬಿಚ್ಚಿದ್ದೂ ಲೆಕ್ಕಿಸದೆ, ಮೈದಾನದೊಳಗೆ ಬಂದಿದ್ದರು. "ಎಂತ ಮುಟ್ಟಿಲ್ಲ? ಅಂಗಿ ನೆಲದ ಮೇಲೆ ಉಂಟು. ಚೆಂಡು ಅಂಗಿಯ ಮೇಲೆ ಉಂಟು. ಹಾಗಾದರೆ ಚೆಂಡು ಎಲ್ಲಿ ಉಂಟು, ಆಕಾಶದಲ್ಲಾ?"

"ನಿಯಮದಲ್ಲಿ ಅಂಗಿ ಇಲ್ಲ, ಸಾರ್."

"ನಿಯಮದಲ್ಲಿ ಅಂಗಿ ಹಾಸಬಾರದು ಅಂತ ಉಂಟಾ?"

ರೆಫ್ರಿ ಮತ್ತೊಮ್ಮೆ ಬಗ್ಗಿ ಅಂಗಿಯನ್ನು ನೋಡಿದ. ಜನ ಹಗ್ಗ ದಾಟಿ ಒಳಗೆ ನುಗ್ಗಿದರು. ಮುಟ್ಟಿತು ಅನ್ನುವವರು ಅರ್ಧ, ಮುಟ್ಟಲಿಲ್ಲ ಅನ್ನುವವರು ಅರ್ಧ. ಮೊನ್ನೆಯವರೆಗೆ ಮೊಟ್ಟೆಯ ಬೆಲೆ ಕೇಳುತ್ತಿದ್ದವರು ಆರು ಸಲ ಬೀಳುವ ಲೆಕ್ಕದ ಬಗ್ಗೆ ಜಗಳವಾಡಿದರು. ಮುಟ್ಟಿತು ಅಂತ ಭಾಗೀರಥಿಯ ಅಣ್ಣ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದ, ಬೋಟಿನ ಮಾತೇ ಮರೆತವನಂತೆ. ಎದ್ದು ಹೋದವರು ಒಬ್ಬರೂ ಇಲ್ಲ.

"ಮುಂದಿನ ಭಾನುವಾರ ಮತ್ತೆ ಆಡಿ" ಅಂದರು ಉಮರಬ್ಬರು ಕೊನೆಗೆ. "ಇದು ತೀರ್ಮಾನ ಆಗಲೇಬೇಕು. ಈಗ ಜಾಗ ಬಿಡಿ, ಫೈನಲ್ ಉಂಟು."

ಸೆವರಿನ್ ಹತ್ತಿರದಲ್ಲಿ ನಿಂತಿದ್ದ ವಾಮನನ ಬೆನ್ನು ಸವರಿ "ಹೋಗು, ಗೋಲಿನ ಕಡೆ ಎಲ್ಲ ಖಾಲಿ ಮಾಡು" ಅಂದ. ಕಟ್ಟಿದ ಬಿದಿರು ಬಿಚ್ಚು ಎನ್ನುವುದು ಅವನ ಮನಸ್ಸಿನಲ್ಲಿತ್ತು. ಮನಸ್ಸಿನಲ್ಲಿದ್ದದ್ದು ಮನಸ್ಸಿನಲ್ಲೇ ಉಳಿಯಿತು.

ತಂಡಗಳು ಸಾಲಾಗಿ ನಿಂತವು. ರೆಫ್ರಿ ಸೀಟಿ ಎತ್ತಿದ. ಗೋಲ್‌ಕೀಪರ್ ತನ್ನ ಜಾಗ ಹಿಡಿಯಲು ಹಿಂದೆ ತಿರುಗಿದ. ಹಿಂದೆ ಗೋಲೇ ಇರಲಿಲ್ಲ.

ಅತ್ತ ಬಂದರಿನ ರಸ್ತೆಯಲ್ಲಿ ವಾಮನ ಗೋಲಿನ ಕಬ್ಬಿಣದ ಚೌಕಟ್ಟನ್ನು ಹೆಗಲ ಮೇಲೆ ಅಡ್ಡಕ್ಕೆ ಹೊತ್ತು ಮನೆಯ ಕಡೆ ನಡೆಯುತ್ತಿದ್ದ. ಎದುರಿನ ಬಸ್ಸು ನಿಂತುಕೊಂಡಿತ್ತು. ಭಾಗೀರಥಿ ಏದುಸಿರು ಬಿಡುತ್ತಾ ಓಡಿ ಬಂದು ಅವನನ್ನು ಹಿಡಿದಳು.

"ತಿರುಗು ಮಗನೇ. ಅಲ್ಲಿ ಊರೇ ಕಾಯುತ್ತಾ ಉಂಟು. ತಿರುಗು."

"ಆಯಿತಮ್ಮ" ಅಂದ ವಾಮನ. ಗೋಲಿನ ಸಮೇತ ತಿರುಗಿದ. ಬಸ್ಸಿನವರು ತಲೆ ತಗ್ಗಿಸಿದರು, ಅಂಗಡಿಯವನ ಬಾಳೆಗೊನೆ ನೆಲಕ್ಕುರುಳಿತು. ಅವನು ಪೂರ್ತಿ ಒಂದು ಸುತ್ತು ತಿರುಗಿ, ಮತ್ತೆ ಮನೆಯ ಕಡೆಗೇ ಹೊರಟ.